ಸಹಾಯ ಬೇಕು: 429,49,67,297 ಬಗ್ಗೆ ಮಕ್ಕಳಿಗೆ ಹೇಳಿಕೊಡುವವರು ಪುಣೆಯಲ್ಲಿ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಚಿಂಚವಡದಲ್ಲಿ ಭಾನುವಾರ ನಾಲ್ಕಾರು ಕನ್ನಡ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಈಗ 429 ಕೋಟಿ ದಾಟುವ ಈ ಸಂಖ್ಯೆಯ ಹತ್ತಿರ ನಿಂತಿದ್ದೇವೆ.

32 ಎರಡುಗಳನ್ನು ಗುಣಿಸಿ 1 ಕೂಡಿಸಿದರೆ ಬರುವುದು ಇದೇ. ಇದು ಅವಿಭಾಜ್ಯ ಅಂತ 17ನೇ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ ಇದನ್ನು 641 × 6700417 ಅಂತ ಒಡೆದು ತೋರಿಸಿದರು. ಮಕ್ಕಳೇ ಭಾಗಿಸಿ ನೋಡಿದರು, ಶೇಷ ಸೊನ್ನೆ.

ತೊಡಕು ಇರುವುದು ಬೇರೆ ಕಡೆ. ಆಯ್ಲರ್ ಸುಮ್ನೆ ಸಿಕ್ಕ ಸಿಕ್ಕ ಸಂಖ್ಯೆಯಿಂದ ಭಾಗಿಸುತ್ತಾ ಕೂರಲಿಲ್ಲ. ಇದರ ಅವಿಭಾಜ್ಯ ಅಪವರ್ತನ ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದರೆ 1 ಉಳಿಯಲೇಬೇಕು. ಹಾಗಾಗಿ ಅಂಥ ಅವಿಭಾಜ್ಯಗಳಿಂದ ಮಾತ್ರ ಭಾಗಿಸಿ ನೋಡಿದರೆ ಸಾಕು; 193, 257, 449, 577 ಆದ ಮೇಲೆ ಸಿಗುವುದೇ 641. ಎಷ್ಟು ಚೆಂದ ಅಲ್ವಾ! ಆದರೆ ಆ 1 ಯಾಕೆ ಉಳಿಯಬೇಕು ಅಂತ ಒಂಬತ್ತನೇ ತರಗತಿಯ ಹುಡುಗಿ ಕೇಳಿದ್ದಾಳೆ. ನನಗೆ ಗೊತ್ತಿರುವ ಸಾಧನೆಗೆ (ಪುರಾವೆಗೆ) ಫರ್ಮಾ ಅವರ ಕಿರು ಪ್ರಮೇಯ, ಅಂದರೆ ಘಾತಗಳನ್ನು ಅವಿಭಾಜ್ಯದಿಂದ ಭಾಗಿಸಿದಾಗ ಉಳಿಯುವ ಶೇಷದ ಬಗೆಗಿನ ನಿಯಮ, ಬೇಕು. ಮಕ್ಕಳಿಗೆ ಅದು ಜಾಸ್ತಿ ಆಗುತ್ತದೆ.

ಶೇಷಗಳನ್ನು ಒಂದೊಂದಾಗಿ ಬರೆಯುತ್ತಾ ತೋರಿಸುವಂಥ ದಾರಿ ಗೊತ್ತಿದ್ದರೆ ದಯವಿಟ್ಟು ಇಲ್ಲಿ ಬರೆಯಿರಿ. ಗಣಿತದ ಮೇಷ್ಟ್ರು ಯಾರಾದರೂ ಒಂದು ಭಾನುವಾರ ಬಂದರಂತೂ ತುಂಬಾ ಒಳ್ಳೆಯದು. ಕನ್ನಡದಲ್ಲೇ ಹೇಳಿ. ಮರಾಠಿ ಶಾಲೆಗೆ ಹೋಗುವ ಮಕ್ಕಳಿಗೂ ಅರ್ಥವಾಗುತ್ತದೆ.