ಅಪ್‌ಡೇಟ್: ಯುಕೆಜಿ ಜಾತ್ರೆ ಆಟ, ತೇರಿನ ನೂಕುನುಗ್ಗಲು ನಿಂತಿತು

ಕೊಪ್ಪಳದ ಗವಿಮಠದ ಜಾತ್ರೆಯನ್ನು 22 ಮಕ್ಕಳ ಕೈಲಿ ಆಟವಾಗಿ ಆಡಿಸುವುದು ಹೇಗೆ, ಎಲ್ಲರೂ ತೇರಿಗೇ ಮುಗಿಬೀಳ್ತಾರೆ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಶರಣು.

ಹಗ್ಗಕ್ಕೆ ಗಂಟು ಹಾಕುವ ಸಲಹೆಯೇ ಗೆದ್ದಿತು. 3 ಮೀಟರಿನ ಎರಡು ನೂಲಿನ ಹಗ್ಗ, ಅರ್ಧ ಮೀಟರಿಗೊಂದರಂತೆ ಐದೈದು ಗಂಟು, ಗಂಟಿಗೊಂದು ಮಗು. ಹತ್ತು ಜನ ಎಳೆದರೆ ಉಳಿದವರು ರೊಟ್ಟಿ, ಬಳೆ ಅಂಗಡಿ, ದಾಸೋಹಕ್ಕೆ ನಾಲ್ಕು ನಾಲ್ಕು. ಎಂಟು ನಿಮಿಷಕ್ಕೆ ಗಂಟೆ ಬಾರಿಸಿ ಪಾಳಿ ಬದಲು. ರಟ್ಟಿನ ತೇರು ಮೊದಲ ಎಳೆತಕ್ಕೇ ಮಗುಚಿತು: ಕಳಸ, ಬಾವುಟ ಎಲ್ಲಾ ಭಾರ ಮೇಲೆ, ತಳ ಹಗುರ. ತಳಕ್ಕೆ 2 ಕಿಲೋ ಮರಳಿನ ಚೀಲ ಇಟ್ಟು, ಹಗ್ಗವನ್ನು ಗಾಲಿಯ ಮಟ್ಟದಲ್ಲೇ ಕಟ್ಟಿದ ಮೇಲೆ ಅಲುಗಲಿಲ್ಲ. ತೇರಿಗೆ ಎಸೆಯಲು ಉತ್ತತ್ತಿ ಬದಲು ಕಾಗದದ ಉಂಡೆ. ಬೀಜ ಗಂಟಲಿಗೆ ಸಿಕ್ಕೀತು, ಕಣ್ಣಿಗೂ ಬಡಿದೀತು.

ರೊಟ್ಟಿ ಅಂಗಡಿಯಲ್ಲಿ ಮಣ್ಣಿನ ಬದಲು ನಿಜವಾದ ಜೋಳದ ಹಿಟ್ಟು ಕೊಡಿ. ತಣ್ಣೀರಲ್ಲಿ ಕಲಸಿದ್ದು ಬಡಿಯುತ್ತಲೇ ಅಂಚು ಒಡೆಯಿತು, ಜೋಳದಲ್ಲಿ ಗೋಧಿಯ ಅಂಟಿಲ್ಲವಲ್ಲ. ಕುದಿಯುವ ನೀರಿಗೆ ಪಿಷ್ಟ ಬೆಂದು ಹಿಡಿದುಕೊಳ್ಳುತ್ತದೆ. ಒಂದು ಬಟ್ಟಲು ಹಿಟ್ಟಿಗೆ ಸುಮಾರು ಮುಕ್ಕಾಲು ಬಟ್ಟಲು ನೀರು. ಟೀಚರೇ ಕಲಸಿ, ಆರಿದ ಮೇಲೆ ನಿಂಬೆಹಣ್ಣಿನಷ್ಟು ಉಂಡೆ ಕೊಡಬೇಕು. ಒಣಹಿಟ್ಟು ಉದುರಿಸಿ ಪುಟ್ಟ ಅಂಗೈ ಟಪಟಪ ಬಡಿದರೆ, ರೊಟ್ಟಿ ತಾನೇ ತಿರುಗುತ್ತದೆ.

ಸಂಭಾಷಣೆ ಬಾಯಿಪಾಠ ಮಾಡಿಸುವ ಸಲಹೆ ಮಾತ್ರ ಕೈಬಿಟ್ಟೆ. ಅದು ಗ್ಯಾದರಿಂಗ್‌ಗೆ (ಶಾಲೆಯ ವಾರ್ಷಿಕೋತ್ಸವಕ್ಕೆ) ಸರಿ, ಆಟಕ್ಕಲ್ಲ. "ಇನ್ನೊಂದ್ ರೊಟ್ಟಿ ಹಾಕ್ಲೇನ್ರಿ?" ಅಂತ ದಾಸೋಹದ ಮಕ್ಕಳು ತಾವೇ ಶುರು ಮಾಡ್ತಾರೆ.