ಪರೀಕ್ಷೆ ಮುಗಿಯುವ ತನಕ ಲ್ಯಾಬ್ ಸರ್ವರ್ ರೀಬೂಟ್ ಮಾಡದೆ ಇರಬಹುದಾ?

ಕೇಳಿದವರು: ನಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿಗಳೆಲ್ಲ ಲಾಗಿನ್ ಆಗಿ ಪ್ರೋಗ್ರಾಮ್ ಬರೆಯುವ ಎರಡು ಲಿನಕ್ಸ್ ಸರ್ವರ್ ಇವೆ. ಒಂದು ಡೆಬಿಯನ್, ಇನ್ನೊಂದು ರೆಡ್ ಹ್ಯಾಟ್. ಸ್ಕ್ಯಾನ್ ಮಾಡಿದಾಗ ಎರಡರಲ್ಲೂ ಸಿವಿಇ-2024-1086 ಎಂಬ ಸಂಖ್ಯೆಯ ಭದ್ರತಾ ದೋಷ ಸಿಕ್ಕಿದೆ. ಪ್ರಾಕ್ಟಿಕಲ್ ಪರೀಕ್ಷೆ ನಡೆಯುತ್ತಿರುವುದರಿಂದ ಸದ್ಯ ರೀಬೂಟ್ ಬೇಡ ಎನ್ನುತ್ತಿದ್ದಾರೆ. ಇದು ‘ಲೋಕಲ್’ ದೋಷ, ಹೊರಗಿನವರಿಂದ ತೊಂದರೆ ಇಲ್ಲ ಅಲ್ವಾ? ಇದನ್ನು ನಿಭಾಯಿಸಿದವರು ದಯವಿಟ್ಟು ಹೇಳಿ.

ಹೋಸ್ಟಿಂಗ್ ಕೆಲಸದವರು: ಲೋಕಲ್ ಅಂತ ಸುಮ್ನೆ ಬಿಡಬೇಡಿ ಸರ್. ಸಾಮಾನ್ಯ ಲಾಗಿನ್ ಇರುವ ಯಾರು ಬೇಕಾದರೂ ರೂಟ್, ಅಂದರೆ ಸರ್ವರ್‌ನ ಪೂರ್ತಿ ಅಧಿಕಾರ ಇರುವ ಬಳಕೆದಾರ, ಆಗಬಹುದು ಅಂತ ಅದರ ಅರ್ಥ. ನಿಮ್ಮಲ್ಲಿ ಇಡೀ ತರಗತಿಗೇ ಲಾಗಿನ್ ಇದೆ. ಅವರಲ್ಲಿ ಒಬ್ಬರ ಪಾಸ್‌ವರ್ಡ್ ಹೊರಗೆ ಹೋದರೂ ಸಾಕು.

ದೋಷ ಇರುವುದು ಲಿನಕ್ಸ್‌ನ ತಿರುಳಾದ ಕರ್ನಲ್‌ನ ಫೈರ್‌ವಾಲ್ ಭಾಗವಾದ ಎನ್‌ಎಫ್_ಟೇಬಲ್ಸ್‌ನಲ್ಲಿ. ನೆಟ್‌ವರ್ಕ್‌ನಲ್ಲಿ ಬಂದ ಪ್ಯಾಕೆಟ್ (ಡೇಟಾ ತುಂಡು) ಬಿಸಾಡು ಎಂದು ತೀರ್ಪು ಕೊಡುವಾಗ ಜೊತೆಗೆ ಒಂದು ಎರರ್ ಸಂಖ್ಯೆಯನ್ನೂ ಇಡಬಹುದು. ಅದು ಧನ ಸಂಖ್ಯೆ ಆಗಿದ್ದರೂ ಕರ್ನಲ್ ತಡೆಯುತ್ತಿರಲಿಲ್ಲ. ಅಲ್ಲಿ 1 ಇಟ್ಟರೆ ಪ್ಯಾಕೆಟ್‌ನ ಮೆಮೊರಿ ಬಿಡುಗಡೆಯಾಗುತ್ತದೆ, ಆದರೆ ಕರೆದ ಕೋಡ್‌ಗೆ ಸಿಗುವ ಉತ್ತರ ‘ಒಪ್ಪಿದೆ’ ಎಂದು. ಅದು ಪ್ಯಾಕೆಟ್ ಇನ್ನೂ ಇದೆ ಅಂದುಕೊಂಡು ಮುಂದೆ ಹೋಗುತ್ತದೆ, ಅದೇ ಮೆಮೊರಿಯನ್ನು ಮತ್ತೊಮ್ಮೆ ಬಿಡುಗಡೆ ಮಾಡುತ್ತದೆ. ಲಾಡ್ಜ್‌ನಲ್ಲಿ ಒಂದೇ ರೂಮು ಖಾಲಿ ಅಂತ ಎರಡು ಸಲ ಬರೆದುಕೊಂಡರೆ ಇಬ್ಬರಿಗೂ ಅದೇ ಕೀಲಿ ಹೋಗುತ್ತದಲ್ಲ, ಹಾಗೆ. ಆ ಇಬ್ಬರಲ್ಲಿ ಒಬ್ಬ ದಾಳಿಕೋರ.

ಕರ್ನಲ್‌ನ 3.15ನೇ ಆವೃತ್ತಿಯಿಂದಲೂ, ಅಂದರೆ 2014ರಿಂದ, ಈ ದೋಷ ಇತ್ತು. 2024ರ ಜನವರಿಯಲ್ಲಿ ತಿದ್ದಿದರು. ಮಾರ್ಚ್‌ನಲ್ಲಿ ದಾಳಿಯ ಕೋಡ್ ಎಲ್ಲರ ಕೈಗೂ ಸಿಕ್ಕಿತು. ಬರೆದವರ ಪರೀಕ್ಷೆಯಲ್ಲಿ ಅದು 99.4% ಸಲ ಕೆಲಸ ಮಾಡಿತ್ತು. ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ಮೇ 30ರಂದು ಇದನ್ನು ‘ನಿಜವಾಗಿ ದಾಳಿಗೆ ಬಳಕೆಯಾಗುತ್ತಿರುವ’ ದೋಷಗಳ ಪಟ್ಟಿಗೆ ಸೇರಿಸಿತು. 2025ರಲ್ಲಿ ರ‍್ಯಾನ್ಸಮ್‌ವೇರ್ ಗುಂಪುಗಳೂ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವವರು) ಬಳಸುತ್ತಿವೆ ಎಂದು ಗುರುತು ಹಾಕಿತು. ಈ ಕೋಡ್ ಓಡಿಸಲು ವಿದ್ಯಾರ್ಥಿಗೆ ಕರ್ನಲ್ ಬಗ್ಗೆ ಏನೂ ಗೊತ್ತಿರಬೇಕಿಲ್ಲ.

ರೀಬೂಟ್ ಆಗುವ ತನಕ ಒಂದು ದಾರಿ ಇದೆ. ಸಾಮಾನ್ಯ ಬಳಕೆದಾರ ಎನ್‌ಎಫ್_ಟೇಬಲ್ಸ್ ಮುಟ್ಟಬೇಕಾದರೆ ಮೊದಲು ತನ್ನದೇ ಯೂಸರ್ ನೇಮ್‌ಸ್ಪೇಸ್ (ಒಳಗೆ ಮಾತ್ರ ತಾನು ರೂಟ್ ಆಗಿರುವ ಪ್ರತ್ಯೇಕ ಆವರಣ) ಮಾಡಿಕೊಳ್ಳಬೇಕು. ಅದನ್ನೇ ಮುಚ್ಚಿಬಿಡಿ. ಡೆಬಿಯನ್‌ನಲ್ಲಿ ‘ಕರ್ನಲ್.ಅನ್‌ಪ್ರಿವಿಲೇಜ್ಡ್_ಯೂಸರ್‌ಎನ್ಎಸ್_ಕ್ಲೋನ್’ 0 ಮಾಡಿ. ರೆಡ್ ಹ್ಯಾಟ್‌ನಲ್ಲಿ ‘ಯೂಸರ್.ಮ್ಯಾಕ್ಸ್_ಯೂಸರ್_ನೇಮ್‌ಸ್ಪೇಸಸ್’ 0 ಮಾಡಿ. ಕರ್ನಲ್ ಸೆಟ್ಟಿಂಗ್ ಬದಲಿಸುವ ಆಜ್ಞೆಯಾದ ಸಿಸ್‌ಕಂಟ್ರೋಲ್‌ನಲ್ಲಿ ಹಾಕಿದ ಕೂಡಲೇ ಜಾರಿಗೆ ಬರುತ್ತದೆ, ಪರೀಕ್ಷೆಗೆ ಅಡ್ಡಿ ಇಲ್ಲ.

ಸಂಶೋಧನಾ ಲ್ಯಾಬ್‌ನವರು: ಅಡ್ಡಿ ಇಲ್ಲ ಅನ್ನುವುದಕ್ಕೆ ಒಂದು ಮಾತು ಸೇರಿಸುತ್ತೇನೆ. ನಮ್ಮಲ್ಲಿ ರೂಟ್ ಇಲ್ಲದೆ ಪಾಡ್‌ಮ್ಯಾನ್ (ಪ್ರೋಗ್ರಾಮ್‌ಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಸಾಧನ) ಓಡಿಸುವವರು ಜಾಸ್ತಿ. ಆ ಸೆಟ್ಟಿಂಗ್ 0 ಮಾಡಿದ ತಕ್ಷಣ ಅವರ ಕಂಟೇನರ್‌ಗಳು ಏಳಲಿಲ್ಲ. ಫ್ಲ್ಯಾಟ್‌ಪ್ಯಾಕ್ ರೂಪದಲ್ಲಿ ಹಾಕಿಕೊಂಡ ಆ್ಯಪ್‌ಗಳಿಗೂ ತೊಂದರೆ ಆಗಬಹುದು. ಪರೀಕ್ಷೆಗೆ ಇವುಗಳಲ್ಲಿ ಯಾವುದಾದರೂ ಬೇಕಾ ಅಂತ ಮೊದಲು ಕೇಳಿಕೊಳ್ಳಿ.

ಎನ್‌ಎಫ್_ಟೇಬಲ್ಸ್ ಮಾಡ್ಯೂಲನ್ನೇ ನಿಲ್ಲಿಸಿ ಅಂತ ಕೆಲವರು ಹೇಳುತ್ತಾರೆ. ನಿಮಗೆ ಅದು ಬೇಡ. ಈಗಿನ ಡೆಬಿಯನ್, ರೆಡ್ ಹ್ಯಾಟ್‌ಗಳಲ್ಲಿ ಫೈರ್‌ವಾಲ್ ನಿಯಮ ಹಾಕುವ ಐಪಿಟೇಬಲ್ಸ್ ಆಜ್ಞೆಯ ಹಿಂದೆ ಕೆಲಸ ಮಾಡುವುದೂ ಅದೇ. ನಿಲ್ಲಿಸಿದರೆ ಫೈರ್‌ವಾಲ್ ಕೂಡ ಹೋಗುತ್ತದೆ.

ಕೇಳಿದವರು: ತುಂಬಾ ಉಪಕಾರ ಆಯಿತು. ಡೆಬಿಯನ್‌ನಲ್ಲಿ ಅಪ್‌ಡೇಟ್ ಹಾಕಿಬಿಟ್ಟಿದ್ದೇವೆ, ರೀಬೂಟ್ ಮಾತ್ರ ಆಗಿಲ್ಲ. ಅರ್ಧ ಕೆಲಸ ಆಯಿತು ಅಂದುಕೊಳ್ಳಬಹುದಾ? ರೆಡ್ ಹ್ಯಾಟ್‌ನಲ್ಲಿ ಕರ್ನಲ್ 5.14 ಅಂತ ತೋರಿಸುತ್ತದೆ, ಅದು ತೀರಾ ಹಳೆಯದಲ್ಲವಾ?

ಹೋಸ್ಟಿಂಗ್ ಕೆಲಸದವರು: ರಕ್ಷಣೆಯ ಮಟ್ಟಿಗೆ ಏನೂ ಆಗಿಲ್ಲ ಸರ್. ಹೊಸ ಕರ್ನಲ್ ಡಿಸ್ಕ್‌ನಲ್ಲಿ ಕೂತಿದೆ, ಓಡುತ್ತಿರುವುದು ಹಳೆಯದು. ‘ಯುನೇಮ್ -ಆರ್’ ಕೊಟ್ಟರೆ ಗೊತ್ತಾಗುತ್ತದೆ. ಎಷ್ಟೋ ಕಡೆ ಪ್ಯಾಕೇಜ್ ಪಟ್ಟಿ ನೋಡಿ ‘ಸರಿಯಾಗಿದೆ’ ಅಂತ ಬರೆದುಬಿಡುತ್ತಾರೆ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ರೀಬೂಟ್ ಇಲ್ಲದೆ ಓಡುತ್ತಿರುವ ಕರ್ನಲ್ಲನ್ನೇ ತಿದ್ದುವ ಲೈವ್ ಪ್ಯಾಚ್ ಸೌಲಭ್ಯ ಇದ್ದರೆ ಮಾತು ಬೇರೆ.

ಇನ್ನು 5.14 ಎಂಬ ಸಂಖ್ಯೆ ನೋಡಿ ಹೆದರಬೇಡಿ, ನಂಬಲೂ ಬೇಡಿ. ಮೂಲ ಕರ್ನಲ್‌ನಲ್ಲಿ 5.15.149, 6.1.76, 6.6.15ರಿಂದ ತಿದ್ದುಪಡಿ ಇದೆ. ರೆಡ್ ಹ್ಯಾಟ್ ಆವೃತ್ತಿ ಬದಲಿಸದೆ ತಿದ್ದುಪಡಿಯನ್ನಷ್ಟೇ ಹಳೆಯದಕ್ಕೆ ಸೇರಿಸುತ್ತದೆ. ಕರ್ನಲ್ ಪ್ಯಾಕೇಜಿನ ಬದಲಾವಣೆ ಪಟ್ಟಿಯಾದ ಆರ್‌ಪಿಎಂ ಚೇಂಜ್‌ಲಾಗ್‌ನಲ್ಲಿ ಈ ಸಿವಿಇ ಸಂಖ್ಯೆ ಹುಡುಕಿ.

ಕ್ಲೌಡ್ ಕಡೆಯವರು: ಕಂಟೇನರ್ ಇರುವವರಿಗೂ ಒಂದು ಮಾತು. ಕಂಟೇನರ್ ತಯಾರಾಗುವ ಇಮೇಜ್ ಅಪ್‌ಡೇಟ್ ಮಾಡಿದರೆ ಇದಕ್ಕೆ ಪ್ರಯೋಜನವಿಲ್ಲ, ಕರ್ನಲ್ ಹೋಸ್ಟ್‌ನದ್ದು, ಅಂದರೆ ಕಂಟೇನರ್ ಓಡುವ ಸರ್ವರ್‌ನದ್ದು. ಕಂಟೇನರ್ ಓಡಿಸುವ ಡಾಕರ್ ಮಾಮೂಲಿಯಾಗಿ ಹಾಕುವ ಸೆಕ್‌ಕಾಂಪ್ ನಿಯಮ (ಕರ್ನಲ್‌ಗೆ ಯಾವ ಕರೆ ಹೋಗಬಹುದು ಎಂದು ಸೋಸುವುದು) ಒಳಗಿನಿಂದ ಯೂಸರ್ ನೇಮ್‌ಸ್ಪೇಸ್ ಮಾಡುವುದನ್ನು ತಡೆಯುತ್ತದೆ. ಅನೇಕ ಸರ್ವರ್‌ಗಳಲ್ಲಿ ಕಂಟೇನರ್‌ಗಳನ್ನು ನಿಭಾಯಿಸುವ ಕುಬರ್ನೆಟಿಸ್‌ನಲ್ಲಿ ನೀವಾಗಿ ಆನ್ ಮಾಡದಿದ್ದರೆ ಆ ತಡೆ ಇರುವುದಿಲ್ಲ.

ಕೇಳಿದವರಿಗೆ ನನ್ನದೊಂದು ಮಾತು, ರೀಬೂಟ್ ಮಾಡಿದ ಮೇಲೂ ಒಂದು ಸಲ ಸರ್ವರ್ ಒಳಗೆ ಕಣ್ಣಾಡಿಸಿ. ಗುರುತಿಲ್ಲದ ಸೆಟ್‌ಯುಐಡಿ ಫೈಲ್ (ಯಾರು ಓಡಿಸಿದರೂ ಅದರ ಮಾಲೀಕನ ಅಧಿಕಾರದಲ್ಲಿ ಓಡುವುದು), ರೂಟ್‌ನ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ) ಕೀಲಿಗಳಲ್ಲಿ ಹೊಸ ಸಾಲು, ನಿಗದಿತ ಸಮಯಕ್ಕೆ ತಾನೇ ಕೆಲಸ ಓಡಿಸುವ ಕ್ರಾನ್‌ನಲ್ಲಿ ಹೊಸ ಕೆಲಸ, ಇವನ್ನು ನೋಡಿ. ಮೊದಲೇ ಯಾರಾದರೂ ರೂಟ್ ಆಗಿದ್ದರೆ ಪ್ಯಾಚ್ ಅವರನ್ನು ಹೊರಗೆ ಹಾಕುವುದಿಲ್ಲ. ಅನುಮಾನ ಬಂದರೆ ಪರೀಕ್ಷೆಯ ಫೈಲ್‌ಗಳನ್ನು ಬೇರೆ ಕಡೆ ತೆಗೆದಿಟ್ಟು ಹೊಸದಾಗಿ ಇನ್‌ಸ್ಟಾಲ್ ಮಾಡಿ.