ಸಹಾಯ ಬೇಕು: ಕತ್ತಲಾದ ಮೇಲೆ ಜಿಪಿಎಸ್ ರೋವರ್ ಕೈಕೊಡುತ್ತಿದೆ

ನಮಸ್ಕಾರ. ಪಾಂಡವಪುರದ ಹತ್ತಿರ ನಾಲೆ ಸರ್ವೆ ನಡೀತಿದೆ. ಮಾರ್ಚ್ ಬಿಸಿಲು ತಡೆಯೋಕಾಗದೆ ಕೆಲಸವನ್ನು ಸಂಜೆಗೆ ಹಾಕಿಕೊಂಡೆವು. ರಾತ್ರಿ 8 ಆಯಿತೆಂದರೆ ರೋವರ್ (ಹಿಡಿದು ಓಡಾಡುವ ರಿಸೀವರ್) 'ಫಿಕ್ಸ್' (ಸೆಂಟಿಮೀಟರ್ ಮಟ್ಟದ ನಿಖರತೆ) ಬಿಟ್ಟು 'ಫ್ಲೋಟ್'ಗೆ (ಅಷ್ಟು ನಿಖರವಲ್ಲದ ಸ್ಥಿತಿ) ಜಾರುತ್ತದೆ. ಮೇಲೆ ಒಂದು ಮರವೂ ಇಲ್ಲ, ಒಂದೇ ಕಡೆ ನಿಲ್ಲಿಸಿದ ಬೇಸ್ ರಿಸೀವರ್ ಕಣ್ಣಳತೆಯಲ್ಲೇ ಇದೆ. ಆದರೂ 45 dB-Hz ಇದ್ದ ಸಿಗ್ನಲ್ ಬಲ ಸರ್ರನೆ 30ಕ್ಕೆ ಬಿದ್ದು ಮತ್ತೆ ಏರುತ್ತದೆ. ಬೆಳಿಗ್ಗೆ ಏನೂ ತೊಂದರೆ ಇಲ್ಲ.

ನಾವು ಭೂಮಿಯ ಕಾಂತೀಯ ಸಮಭಾಜಕಕ್ಕೆ ಹತ್ತಿರ ಇದ್ದೇವೆ. ಸೂರ್ಯ ಮುಳುಗಿದ ಮೇಲೆ ಅಯನೋಗೋಳದಲ್ಲಿ (ವಾತಾವರಣದ ಮೇಲಿನ ವಿದ್ಯುದಾವೇಶದ ಪದರ) ಎಲೆಕ್ಟ್ರಾನ್ ಕಮ್ಮಿ ಇರುವ ಗುಳ್ಳೆಗಳು ಮೇಲೇಳುತ್ತವೆ, ಅದಕ್ಕೇ ಸಿಗ್ನಲ್ ಮಿನುಗುತ್ತದೆ (ಬಲ ಏರಿಳಿಯುತ್ತದೆ) ಅನ್ನುವಷ್ಟು ಗೊತ್ತು. ನಮ್ಮದು ಎಲ್1, ಎಲ್5 ಎಂಬ ಎರಡೂ ಜಿಪಿಎಸ್ ಆವರ್ತನ ಹಿಡಿಯುವ ರಿಸೀವರ್. ಅದು ಸಿಗ್ನಲ್ ತಡವಾಗುವುದನ್ನು ಸರಿಮಾಡುತ್ತದೆ, ಮಿನುಗುವುದನ್ನಲ್ಲ, ಅಲ್ವಾ?

ಮಿನುಗುವ ಉಪಗ್ರಹಗಳನ್ನು ಕೈಬಿಟ್ಟು ಉಳಿದವುಗಳಲ್ಲೇ ಫಿಕ್ಸ್ ಉಳಿಸಿಕೊಂಡವರು ಯಾರಾದರೂ ಇದ್ದೀರಾ? ಯಾವ ಸೆಟ್ಟಿಂಗ್ ಬದಲಾಯಿಸಿದಿರಿ? 'ಬೆಳಿಗ್ಗೆ ಮಾಡಿ' ಅಂತ ಮಾತ್ರ ಸುಮ್ನೆ ಹೇಳಬೇಡಿ, ಗದ್ದೆ ಬಯಲಿನ ಬಿಸಿಲು ನಿಮಗೂ ಗೊತ್ತು.